ಬಾಗಿಲು ತೆರೆಯದ ಅಭಿಮಾನ

ಮುಳಾ-ಮುಠಾ ನದಿಯ ದಂಡೆಯ ಖರಾಡಿ 1997ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರುವವರೆಗೂ ಒಂದು ಹಳ್ಳಿ. ಇಂದು ಅಲ್ಲಿ ಇಯಾನ್ ಐಟಿ ಪಾರ್ಕಿನ ಗಾಜಿನ ಸೌಧಗಳು ತಲೆಯೆತ್ತಿವೆ. ಬೀದರ, ಕಲಬುರಗಿ, ವಿಜಯಪುರಗಳಿಂದ ಪದವಿ ಮುಗಿಸಿ ಬಂದ ನಮ್ಮ ತರುಣರಿಗೆ ಅಲ್ಲಿ ನೌಕರಿ ದೊರೆಯುತ್ತದೆ. ತಲೆಗೊಂದು ಸೂರು ದೊರೆಯುವುದಿಲ್ಲ. ಠೇವಣಿ, ಮುಂಗಡ ಬಾಡಿಗೆ, ದಲ್ಲಾಳಿಯ ಪಾಲು ಇವುಗಳಲ್ಲಿ ಮೊದಲ ಸಂಬಳಕ್ಕೆ ಮುನ್ನವೇ ತಂದೆಯ ಉಳಿತಾಯ ಕರಗುತ್ತದೆ.

ಕಾನೂನಿಲ್ಲವೆ? ಇದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮು ಕರಾರನ್ನು ನೋಂದಾಯಿಸುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆನ್ನುತ್ತದೆ. ಆದರೆ ರಾಜ್ಯ ಅಂಗೀಕರಿಸದೆ ಅದಕ್ಕೆ ಬಲವಿಲ್ಲ.

ಬೆರಳನ್ನು ಪರರತ್ತ ಮಾತ್ರ ತೋರಿಸುವುದೇಕೆ? ಖರಾಡಿಯಲ್ಲಿ ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಟ್ಟ ಕನ್ನಡಿಗರೂ ಉಂಟು. ರಾಜ್ಯೋತ್ಸವದ ವೇದಿಕೆಯಲ್ಲಿ ಯುವಜನರನ್ನು ನಾಡಿನ ಕುಡಿಗಳೆಂದು ಹೊಗಳುವ ನಾವೇ, ಮರುದಿನ ಆ ಕುಡಿ ಮನೆ ಕೇಳಿ ಬಂದರೆ ‘ಕುಟುಂಬಸ್ಥರಿಗೆ ಮಾತ್ರ’ ಎನ್ನುತ್ತೇವೆ. ನೌಕರಿಯುದ್ದಕ್ಕೂ ಸರ್ಕಾರಿ ವಸತಿಗೃಹದ ನೆರಳಲ್ಲಿ ಬಾಳಿದ ನನ್ನಂಥವರಿಗೆ ಈ ಅಲೆದಾಟದ ಬಿಸಿ ತಟ್ಟಲೇ ಇಲ್ಲ. ಆದ್ದರಿಂದಲೇ ಸುಮ್ಮನಿದ್ದೆವು, ಆ ಮೌನದಲ್ಲಿ ನನ್ನ ಪಾಲೂ ಇದೆ.

ಸಂಘವು ಕೈಗೊಳ್ಳಬೇಕಾದ ಕೆಲಸ ದೊಡ್ಡದಲ್ಲ. ಸದಸ್ಯರ ಖಾಲಿ ಮನೆಗಳದೊಂದು ಪಟ್ಟಿ ಇರಲಿ. ಎರಡೇ ತಿಂಗಳ ಠೇವಣಿ, ನೋಂದಾಯಿತ ಕರಾರು ಎಂಬ ಕಟ್ಟುಪಾಡನ್ನು ಮಾಲೀಕರಾದ ಸದಸ್ಯರು ತಾವಾಗಿ ಒಪ್ಪಲಿ. ಒಂಟಿ ಹುಡುಗಿಗೂ ಹುಡುಗನಿಗೂ ಬಾಗಿಲು ತೆರೆಯಲಿ. ದಾಸೋಹದ ನಾಡಿನಿಂದ ಬಂದವರು ನಾವು. ಬಾಡಿಗೆ ಕೊಡಲು ಸಿದ್ಧನಿರುವವನಿಗೂ ಸೂರು ನೀಡದ ಅಭಿಮಾನ ಬರಿಯ ಸಭಾಲಂಕಾರ.