ಗ್ಯಾಲರಿ ಒಮ್ಮೆ ಭರ್ತಿ, ಒಮ್ಮೆ ಖಾಲಿ: ಫುಟ್ಬಾಲ್ ನೋಡೋಕೆ ಜನ ಯಾವಾಗ ಬರ್ತಾರೆ?

ಕಾಫಿ ಕೊಯ್ಲು ಮುಗಿದು ಬೇಸಿಗೆ ರಜೆ ಬಂತು ಅಂದ್ರೆ ಕೊಡಗಿನ ಮೈದಾನಗಳಲ್ಲಿ ಫುಟ್ಬಾಲ್ ಶುರು. ಯುವಕ ಸಂಘದವರು ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತುತ್ತಾರೆ. ಅಂಗಡಿಯವರ ಪ್ರಶ್ನೆ ಒಂದೇ: ‘ದುಡ್ಡು ಕೊಡೋಣ, ಆದ್ರೆ ಈ ಸಲ ಜನ ಬರ್ತಾರಾ?’

ಚೆನ್ನಾಗಿ ಆಡಿದರೆ ಜನ ತಾನಾಗಿಯೇ ಬರ್ತಾರೆ ಅನ್ನೋದು ಪೂರ್ತಿ ನಿಜವಲ್ಲ. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿತು. ನೋಡಿದವರು ಬರೀ 2,569 ಮಂದಿ. ಆಮೇಲೆ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ, ಬೈಯೋದಾದ್ರೂ ಸರಿ, ಮೈದಾನಕ್ಕೇ ಬಂದು ಬೈಯಿರಿ ಎಂಬ ಅರ್ಥದಲ್ಲಿ ಕೇಳಿಕೊಂಡರು. ಜೂನ್ 4ರ ಕೀನ್ಯಾ ಪಂದ್ಯದ ಟಿಕೆಟ್ ಪೂರ್ತಿ ಖಾಲಿ! ಮೂರು ದಿನದಲ್ಲಿ ತಂಡ ಬದಲಾಗಿರಲಿಲ್ಲ. ಕರೆಯೋರು ಸಿಕ್ಕಿದ್ದರು, ಜೊತೆಗೆ ಅದು ಛೆಟ್ರಿಯ 100ನೇ ಪಂದ್ಯ ಎಂಬ ನೆಪವೂ ಇತ್ತು.

ಆದರೆ ಹಾಗೆ ಕರೆಯೋದು ಒಂದೆರಡು ಸಲ ನಡೆಯುತ್ತೆ, ವರ್ಷವಿಡೀ ಅಲ್ಲ. ಅದಕ್ಕೆ ಇಂಡಿಯನ್ ಸೂಪರ್ ಲೀಗ್ ನೋಡಿ. 2014ರ ಮೊದಲ ಆವೃತ್ತಿ ಸುಮಾರು ಎರಡೂವರೆ ತಿಂಗಳಲ್ಲಿ ಮುಗಿಯಿತು. ಪಂದ್ಯಕ್ಕೆ ಸರಾಸರಿ 25 ಸಾವಿರದ ಆಸುಪಾಸು ಜನ. ಬೆಂಗಳೂರು ಎಫ್‌ಸಿ ಸೇರಿದ 2017-18ರ ಆವೃತ್ತಿ ನಾಲ್ಕು ತಿಂಗಳು ಎಳೆಯಿತು. ಸರಾಸರಿ 15 ಸಾವಿರದ ಆಸುಪಾಸಿಗೆ ಇಳಿಯಿತು. ಹೊಸತನ ಕಳೆದದ್ದು ಒಂದು ಕಾರಣ. ಇನ್ನೊಂದು, ಜಾತ್ರೆ ಮೂರು ದಿನ ಇದ್ರೆ ಊರೇ ಸೇರುತ್ತೆ. ತಿಂಗಳಾನುಗಟ್ಟಲೆ ನಡೆದರೆ ‘ನಾಳೆ ಹೋದ್ರಾಯ್ತು’ ಅಂತಾರೆ.

ಹಾಗಂತ ವಾರದ ದಿನ ಜನ ಬರೋದೇ ಇಲ್ಲ ಅಂತಲ್ಲ. 2023ರ ಜುಲೈ 4, ಮಂಗಳವಾರ. ಕುವೈತ್ ವಿರುದ್ಧದ ಸ್ಯಾಫ್ ಫೈನಲ್‌ಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಕಿಕ್ಕಿರಿದಿತ್ತು. ಕಪ್ ಪಣಕ್ಕಿದ್ದರೆ ಜನ ಕೆಲಸ ಬಿಟ್ಟೂ ಬರ್ತಾರೆ. ಲೀಗ್ ಹಂತದ ಲೆಕ್ಕಾಚಾರದ ಪಂದ್ಯಕ್ಕೆ ಬರಲ್ಲ.

ಈಗ ನಮ್ಮೂರಿಗೆ ಬರೋಣ. ಏಪ್ರಿಲ್-ಮೇನಲ್ಲಿ ಐಪಿಎಲ್ ಇರುತ್ತೆ, ಸಂಜೆ 7.30ಕ್ಕೆ ಜನ ಟಿವಿ ಮುಂದೆ. ನಾಲ್ಕು ಗಂಟೆಯ ಪಂದ್ಯ ಐದೂವರೆಗೆ ಶುರುವಾದ್ರೆ ಅರ್ಧ ಗ್ಯಾಲರಿ ನಡುವೆಯೇ ಎದ್ದು ಹೋಗುತ್ತೆ. ಕೊನೇ ಬಸ್ ಹಿಡಿಯಬೇಕಾದವರು ಅದಕ್ಕೂ ಮೊದಲೇ ಹೊರಡ್ತಾರೆ. ಬಹುಮಾನದ ಆಸೆಗೆ ಹನ್ನೊಂದು ಮಂದಿಯನ್ನೂ ಹೊರಗಿನಿಂದ ಕರೆಸಿದರೆ ಆಟ ಚೆನ್ನಾಗಿರಬಹುದು. ಆದ್ರೆ ‘ನಮ್ಮ ಹುಡುಗ ಆಡ್ತಾನೆ’ ಅಂತ ಬರೋ ಅಪ್ಪ, ಅಮ್ಮ, ಗೆಳೆಯರು, ಅಕ್ಕಪಕ್ಕದ ಮನೆಯವರು ಬರೋದೇ ಇಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದ ಕಡೆ ಕುಟುಂಬ ಎರಡನೇ ದಿನ ಬರಲ್ಲ.

ಸುರಕ್ಷತೆಯೂ ಮುಖ್ಯ. 2022ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಸೆವೆನ್ಸ್ ಪಂದ್ಯದ ವೇಳೆ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಜನ ತುಂಬಿದ ದಿನವೇ ಅಪಾಯ ಜಾಸ್ತಿ.

ಅಂಗಡಿಯವರಿಗೆ ಇದು ಬರೀ ಆಟದ ವಿಷಯವಲ್ಲ. ಸಾವಿರ ಜನ ಸೇರಿದರೆ ಟೀ, ಜ್ಯೂಸ್, ಚುರುಮುರಿ, ಪೆಟ್ರೋಲ್ ಎಲ್ಲಕ್ಕೂ ವ್ಯಾಪಾರ. ಎರಡು ವರ್ಷ ಗ್ಯಾಲರಿ ಖಾಲಿ ಬಿದ್ದರೆ ಚಂದಾ ನಿಲ್ಲುತ್ತೆ, ಪಂದ್ಯಾವಳಿ ನಿಲ್ಲುತ್ತೆ, ಕೊನೆಗೆ ಮೈದಾನ ವಾಹನ ನಿಲ್ಲಿಸೋ ಜಾಗ ಆಗುತ್ತೆ.

ಆದ್ದರಿಂದ ರಶೀದಿ ಹರಿಯೋ ಮುನ್ನ ಸಂಘದವರನ್ನು ನಾಲ್ಕು ಮಾತು ಕೇಳಿ: ಎಷ್ಟು ದಿನದ ಪಂದ್ಯಾವಳಿ? ಹೇಳಿದ ಟೈಮಿಗೆ ಶುರು ಮಾಡ್ತೀರಾ? ತಂಡದಲ್ಲಿ ಊರಿನ ಹುಡುಗರು ಎಷ್ಟು ಜನ? ಗ್ಯಾಲರಿ ಗಟ್ಟಿ ಇದೆಯಾ? ಸರಿಯಾದ ಉತ್ತರ ಸಿಕ್ಕರೆ ಧಾರಾಳವಾಗಿ ಕೊಡಿ. ಸಂಜೆ ಒಂದು ಗಂಟೆ ಶಟರ್ ಎಳೆದು ನೀವೂ ಹೋಗಿ ಕೂತ್ಕೊಳ್ಳಿ. ಗ್ಯಾಲರಿ ತುಂಬೋಕೆ ಮೊದಲು ಬೇಕಾಗಿರೋದು ನಾವೇ.