‘ಸಾಂಬಾರ್, ಒಂದು ಬಟ್ಟಲು’

ಹುಳಿ, ಬಸ್ಸಾರು, ಮಸ್ಸೊಪ್ಪು, ಕೂಟು, ಮಜ್ಜಿಗೆಹುಳಿ. ಇವುಗಳಲ್ಲಿ ಯಾವುದನ್ನು ಉಂಡರೂ ಫೋನಿನ ಕ್ಯಾಲೊರಿ ಆ್ಯಪ್‌ನಲ್ಲಿ ಬರೆಯುವ ಹೊತ್ತಿಗೆ ಅದು ಹೆಚ್ಚಾಗಿ ‘ಸಾಂಬಾರ್, ಒಂದು ಬಟ್ಟಲು’ ಆಗಿಬಿಡುತ್ತದೆ. ಎಷ್ಟು ದೊಡ್ಡ ಬಟ್ಟಲು, ಬೇಳೆ ಎಷ್ಟು, ಕಾಯಿ ರುಬ್ಬಿ ಹಾಕಿದ್ದಾರೋ ಇಲ್ಲವೋ ಎಂದು ಆ್ಯಪ್ ಕೇಳುವುದಿಲ್ಲ. ಸಂಖ್ಯೆಯನ್ನು ಮಾತ್ರ ಬ್ಯಾಂಕಿನ ಪಾಸ್‌ಬುಕ್ಕಿನಷ್ಟು ಖಚಿತವಾಗಿ ತೋರಿಸುತ್ತದೆ.

ಆದರೆ ಕ್ಯಾಲೊರಿ ಇರುವುದು ಅಡುಗೆಯ ಹೆಸರಿನಲ್ಲಲ್ಲ, ಪಾತ್ರೆಗೆ ಬಿದ್ದ ಸಾಮಾನಿನಲ್ಲಿ. ಪುಣೆಯ ಒಂದು ಕನ್ನಡ ಮನೆಯಲ್ಲಿ ಹುಳಿ ಮಾಡಿದರು ಎಂದುಕೊಳ್ಳಿ. 100 ಗ್ರಾಂ ತೊಗರಿಬೇಳೆಗೆ ಸುಮಾರು 340 ಕ್ಯಾಲೊರಿ, 50 ಗ್ರಾಂ ಹಸಿ ಕಾಯಿತುರಿಗೆ 180, ತರಕಾರಿಗೆ 80, ಒಗ್ಗರಣೆಯ ಎರಡು ದೊಡ್ಡ ಚಮಚ ಎಣ್ಣೆಗೆ 250. ಒಟ್ಟು 850. ಕುದಿದ ಹುಳಿ ಒಂದೂವರೆ ಕಿಲೊ ತೂಗಿದರೆ 250 ಗ್ರಾಂ ಹಿಡಿಯುವ ಬಟ್ಟಲಿಗೆ 140ರಷ್ಟಾಯಿತು. ಪಕ್ಕದ ಮನೆಯವರು ಅಷ್ಟೇ ಹುಳಿಯನ್ನು ಕಾಯಿಯಿಲ್ಲದೆ, ಒಂದೇ ಚಮಚ ಎಣ್ಣೆಯಲ್ಲಿ ಮಾಡಿದರೆ ಅದೇ ಬಟ್ಟಲಿಗೆ 90. ಆ್ಯಪ್‌ನ ಪ್ರಕಾರ ಇಬ್ಬರೂ ಉಂಡಿದ್ದು ಒಂದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ 528 ಪದಾರ್ಥಗಳನ್ನು ಅಳೆದಿದೆ. ಅದರಲ್ಲಿರುವುದು ಬಹುತೇಕ ಬೇಳೆ, ಸೊಪ್ಪು, ಕಾಯಿ, ಮೀನಿನಂಥ ಹಸಿ ಸಾಮಾನು. ಮನೆಯಡುಗೆಗೆ ಸರಿಯಾದ ದಾರಿಯೂ ಅದೇ. ಒಲೆಗೆ ಹೋಗುವ ಮುಂಚೆ ಸಾಮಾನು ತೂಗಬೇಕು, ಇಳಿಸಿದ ಮೇಲೆ ಪಾತ್ರೆಯ ಭಾರ ಕಳೆದು ಅಡುಗೆ ತೂಗಬೇಕು, ಆಮೇಲೆ ಬಡಿಸಿಕೊಂಡ ಪಾಲನ್ನು ತೂಗಬೇಕು.

ಉತ್ತರ ಕರ್ನಾಟಕದ ಎಣ್ಣೆಗಾಯಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. (ಹೆಸರಿನಲ್ಲೇ ಎಣ್ಣೆಯಿದೆ, ಆ ಅಡುಗೆ ಯಾರಿಗೂ ಮೋಸ ಮಾಡಿಲ್ಲ.) ಕಾಲು ಕಿಲೊ ಬದನೆಕಾಯಿಯಲ್ಲಿ 60 ಕ್ಯಾಲೊರಿ ಇದ್ದರೆ ಹೆಚ್ಚು. 50 ಗ್ರಾಂ ಶೇಂಗಾ, 20 ಗ್ರಾಂ ಎಳ್ಳು, 20 ಗ್ರಾಂ ಒಣಕೊಬ್ಬರಿ, ಮೂರು ದೊಡ್ಡ ಚಮಚ ಎಣ್ಣೆ ಸೇರಿದರೆ 900 ದಾಟುತ್ತದೆ. ಎರಡು ಬದನೆಕಾಯಿ ತಿಂದೆ ಎಂದು ಬರೆದುಕೊಳ್ಳುವವರು ರೊಟ್ಟಿಯಲ್ಲಿ ಬಳಿದು ತಿಂದ ರಸವನ್ನು ಬಿಟ್ಟಿರುತ್ತಾರೆ. ಅಡುಗೆ ಇರುವುದೇ ಆ ರಸದಲ್ಲಿ.

ಮಸಾಲೆ ಹಚ್ಚಿ ನೆನೆಸಿಡುವ ಅಡುಗೆಯಲ್ಲಿ ಭಯ ತಪ್ಪು ಕಡೆಗೆ ಹೋಗುತ್ತದೆ. ಬಂಗುಡೆಗೆ ಹಚ್ಚುವ ಮೆಣಸು, ಹುಣಸೆ, ಅರಿಶಿನ, ಉಪ್ಪಿನಿಂದ ಸೇರುವ ಕ್ಯಾಲೊರಿ ಅತ್ಯಲ್ಪ. ಕೋಳಿಗೆ ಕಲಸುವ 100 ಗ್ರಾಂ ಮೊಸರಿನಲ್ಲಿ 60ರ ಆಸುಪಾಸು, ಅದರಲ್ಲೂ ಒಂದಿಷ್ಟು ಬಟ್ಟಲಿನ ತಳದಲ್ಲೇ ಉಳಿಯುತ್ತದೆ. ಆದರೆ ಕಾವಲಿಗೆ ಸುರಿದ ಒಂದು ದೊಡ್ಡ ಚಮಚ ಎಣ್ಣೆ 120. ಮಸಾಲೆಯ ಚಿಂತೆ ಬಿಟ್ಟು ಎಣ್ಣೆಯ ಡಬ್ಬಿಯನ್ನು ಹುರಿಯುವ ಮುಂಚೆ, ಹುರಿದ ಮೇಲೆ ತೂಗಿದರೆ ಸಾಕು. ಉಳಿದ ಎಣ್ಣೆಯನ್ನು ಡಬ್ಬಿಗೇ ಹಾಕಿ ತೂಗಬೇಕು, ಅಷ್ಟೇ.

ಇಷ್ಟು ಗೋಜಲು ಯಾರಿಗೆ ಬೇಕು ಎನ್ನಿಸುವುದು ಸಹಜ. ಅಪಾಯ ಶುರುವಾಗುವುದೂ ಅಲ್ಲಿಂದಲೇ. ಪೊಟ್ಟಣದ ತಿಂಡಿಗೆ ಬಾರ್‌ಕೋಡ್ ಇದೆ. ಫೋನ್ ಹಿಡಿದರೆ ಲೆಕ್ಕ ಬಂತು. ಬಸ್ಸಾರಿಗೆ ಬಾರ್‌ಕೋಡ್ ಇಲ್ಲ. ಆದ್ದರಿಂದ ಲೆಕ್ಕ ಇಡುವವರು ಮೆಲ್ಲಗೆ ಲೆಕ್ಕಕ್ಕೆ ಸಿಗುವ ಊಟದ ಕಡೆಗೆ ಜಾರುತ್ತಾರೆ. ರಾತ್ರಿ ಮುದ್ದೆ–ಸಾರಿನ ಜಾಗದಲ್ಲಿ ಪ್ರೋಟೀನ್ ಬಾರ್ ಬರುತ್ತದೆ. ಅದು ಹೆಚ್ಚು ಒಳ್ಳೆಯದೆಂದಲ್ಲ, ಅದರ ಅಂಕಿ ಮುದ್ರಿತವಾಗಿದೆ ಎಂದು. ಊರು ಬಿಟ್ಟು ಮುಂಬೈ, ದೆಹಲಿಗಳಲ್ಲಿರುವ ಮನೆಗಳಲ್ಲಿ ಕನ್ನಡ ಹೆಸರಿನ ಅಡುಗೆಗಳಿಗೆ ಮೊದಲೇ ವಾರದಲ್ಲಿ ಎರಡು ಮೂರು ದಿನವಷ್ಟೇ ಜಾಗ. ಆ ದಿನಗಳನ್ನೂ ಒಂದು ಆ್ಯಪ್‌ನ ಅಜ್ಞಾನಕ್ಕೆ ಬಿಟ್ಟುಕೊಡುವುದು ಮೂರ್ಖತನ.

ಇನ್ನೊಂದು ಕಷ್ಟ ಅಡುಗೆ ಮಾಡುವವರದು. ಮಗಳು ಫೋನ್ ಹಿಡಿದು ‘ಅಮ್ಮಾ, ಎಣ್ಣೆ ಎಷ್ಟು ಹಾಕಿದೆ?’ ಎಂದರೆ ‘ಹಿಡಿದಷ್ಟು ಹಾಕಿದೆ ಕಣೇ’ ಎಂಬ ಉತ್ತರ ಬರುತ್ತದೆ. ಅದು ಜಾರಿಕೊಳ್ಳುವ ಮಾತಲ್ಲ. ಈರುಳ್ಳಿ ಎಷ್ಟು ಎಣ್ಣೆ ಹಿಡಿಯಿತು, ಹಿಟ್ಟು ಎಷ್ಟು ನೀರು ಹಿಡಿಯಿತು ಎಂದು ನೋಡಿಕೊಂಡು ಹಾಕುವುದೇ ಆಕೆಯ ಅಳತೆ. ಕನ್ನಡದಲ್ಲಿ ಅದಕ್ಕೆ ‘ಹದ’ ಎಂಬ ಮಾತಿದೆ, ಗ್ರಾಂ ಬೇರೆ, ಹದ ಬೇರೆ. ದಿನಕ್ಕೆ ಮೂರು ಸಲ ಈ ಪ್ರಶ್ನೆ ಬಿದ್ದರೆ ಅದು ವಿಚಾರಣೆಯಂತೆ ಕೇಳಿಸುತ್ತದೆ, ಊಟದ ಹೊತ್ತಿಗೆ ಮುಖ ಬಿಗಿಯುತ್ತದೆ. ಲೆಕ್ಕ ಬೇಕಾದವರು ತಾವೇ ತಕ್ಕಡಿ ಹಿಡಿದು ಅಡುಗೆಮನೆಯಲ್ಲಿ ನಿಲ್ಲಬೇಕು. ಕಾಯಿ ತುರಿಯಬೇಕು, ಡಬ್ಬಿ ತೂಗಬೇಕು, ಪಾತ್ರೆಯನ್ನೂ ತೊಳೆದರೆ ಒಳ್ಳೆಯದು. ವೈದ್ಯರ ಸಲಹೆಯಂತೆ ಇನ್ಸುಲಿನ್‌ಗೆ ಹೊಂದಿಸಿ ಅನ್ನ, ರೊಟ್ಟಿಯನ್ನು ಎಣಿಸಬೇಕಾದವರ ವಿಷಯ ಬೇರೆ, ಅಲ್ಲಿ ಮನೆಯವರೆಲ್ಲ ಕೈಜೋಡಿಸಲೇಬೇಕು.

ತೂಕ ಸ್ವಲ್ಪ ಇಳಿಯಲಿ ಎಂದಷ್ಟೇ ಬಯಸುವವರಿಗೆ ಯಾರನ್ನೂ ಏನನ್ನೂ ಕೇಳದ ಒಂದು ಲೆಕ್ಕವಿದೆ. ತಿಂಗಳ ಕೊನೆಗೆ ಖಾಲಿಯಾದ ಎಣ್ಣೆ ಪೊಟ್ಟಣಗಳನ್ನು ಎಣಿಸುವುದು. ನಾಲ್ವರ ಮನೆಯಲ್ಲಿ ಮೂರು ಲೀಟರ್ ಮುಗಿದಿದ್ದರೆ ಅದು ಸುಮಾರು 2,700 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ ಒಬ್ಬೊಬ್ಬರಿಗೆ ದಿನಕ್ಕೆ 200 ಆಯಿತು. ಐದು ಲೀಟರ್ ಆಗಿದ್ದರೆ 340ರ ಹತ್ತಿರ. ಹುಳಿಯದೋ, ಎಣ್ಣೆಗಾಯಿಯದೋ, ಭಾನುವಾರದ ಮೀನಿನದೋ ಎಂದು ಬಿಡಿಸಿ ಕೇಳಬೇಕಾಗಿಲ್ಲ. ಮುಂದಿನ ತಿಂಗಳ ದಿನಸಿ ಚೀಟಿಯಲ್ಲಿ ಒಂದು ಪೊಟ್ಟಣ ಕಡಿಮೆ ಬರೆದರೆ ಆಯಿತು.