ನಾರುವುದಕ್ಕೂ ಒಂದು ಇಂಗ್ಲಿಷು!

ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಮಧ್ಯಾಹ್ನ ಪಕ್ಕದ ಸೀಟಿನ ಹುಡುಗಿ ಊಟದ ಡಬ್ಬಿ ತೆಗೆದಳು. ಮೆಂತ್ಯಸೊಪ್ಪಿನ ಪಲ್ಯ, ಘಮ್ಮಂತಿತ್ತು. ಅವಳಿಗೆ ಕನ್ನಡ ಬಾರದು. ಸರಿ, ನನಗೆ ಬಂದ ಇಂಗ್ಲಿಷಿನಲ್ಲೇ ಹೊಗಳಿದೆ: "ಯುವರ್ ಲಂಚ್ ಈಸ್ ಸ್ಟಿಂಕಿಂಗ್!"

ಏನೂ ಹೇಳದೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು. ಸಂಜೆ ಗೆಳೆಯನೊಬ್ಬ ಅರ್ಥ ಬಿಡಿಸಿ ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಡವಿದ್ದು ಎಲ್ಲಿ ಅಂತ ಯೋಚಿಸಿದೆ. ಹೊಳೆನರಸೀಪುರದಲ್ಲಿ ಹೈಸ್ಕೂಲು ಓದುವಾಗ ನೋಟ್ಸಿನಲ್ಲಿ ಬರೆಸಿದ್ದು "ಸ್ಟಿಂಕ್ ಅಂದರೆ ವಾಸನೆ ಬರುವುದು" ಅಂತ. ಸುಳ್ಳೇನಲ್ಲ. ಆದರೆ ನಮ್ಮಲ್ಲಿ ಮಲ್ಲಿಗೆಗೂ ವಾಸನೆ, ಮೋರಿಗೂ ವಾಸನೆ! "ನಾರುವುದು" ಅಂತ ಒಂದೇ ಪದ ಬರೆಸಿದ್ದರೆ ನಾನು ಸಾಯೋವರೆಗೂ ಮರೆಯುತ್ತಿರಲಿಲ್ಲ. ಬರೆಸಲಿಲ್ಲ ಯಾಕೆ? ನಾತ, ಗಬ್ಬು ಇವೆಲ್ಲ ಮನೆ ಮಾತು, ಕ್ಲಾಸಿಗೆ ತರುವಂಥವಲ್ಲ ಅನ್ನೋ ನಾಚಿಕೆ.

ಆ ಮನೆ ಮಾತು ಎಷ್ಟು ಚೆನ್ನಾಗಿದೆ ನೋಡಿ. ಚನ್ನರಾಯಪಟ್ಟಣದ ಕಡೆ ಹಳೇ ಕೊಬ್ಬರಿಗೆ ಕಮಟು. ಮಳೆಗಾಲದ ರಾಗಿಹಿಟ್ಟಿಗೆ ಮುಗ್ಗಲು. ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಕೊಳೆತರೆ ಗಬ್ಬುನಾತ. ಆಟ ಆಡಿ ಬಂದರೆ ಅರಕಲಗೂಡಿನ ನಮ್ಮಜ್ಜಿ "ಏನ್ಲಾ, ಗಬ್ಬು ನಾರ್ತಾ ಅದೆ, ಹೋಗ್ ಸ್ನಾನ ಮಾಡು" ಅನ್ನೋರು. ಇಷ್ಟೆಲ್ಲ ಗೊತ್ತಿದ್ದ ಹುಡುಗನಿಗೆ ಒಂದು ಇಂಗ್ಲಿಷ್ ಪದ ಕಲಿಸೋದು ಕಷ್ಟವೇ?

ಆಮೇಲೆ ಹುಡುಕಿದಾಗ ಒಂದು ತಮಾಷೆ ಸಿಕ್ಕಿತು. ಹಳೇ ಇಂಗ್ಲಿಷಿನಲ್ಲಿ ಈ ಪದ ಒಳ್ಳೇ ವಾಸನೆಗೂ ಆಗುತ್ತಿತ್ತಂತೆ. ನಮ್ಮ "ನಾರು" ಪದದ ತಮಿಳು ನೆಂಟನೂ ಹಾಗೇ. ಆಂಡಾಳ್ ತಿರುಪ್ಪಾವೈಯಲ್ಲಿ ಅದನ್ನು ತುಳಸಿಯ ಪರಿಮಳಕ್ಕೆ ಬಳಸಿದ್ದಾಳೆ, ಇವತ್ತಿನ ತಮಿಳಿನಲ್ಲಿ ಅದು ಬರೀ ದುರ್ನಾತ. ಅಂದರೆ ನನ್ನ ಹೊಗಳಿಕೆ ಸಾವಿರ ವರ್ಷ ತಡವಾಯಿತು ಅಷ್ಟೇ :) ಇನ್ನೊಂದು ವಿಷಯ. ಹಳಗನ್ನಡದಲ್ಲಿ ತೆಂಗಿನ ನಾರಿಗೆ ರ, ನಾತ ಹೊಡೆಯುವ ನಾಱಿಗೆ ಱ. ಆ ಅಕ್ಷರ ಬಳಕೆ ತಪ್ಪಿ ಎರಡೂ ಒಂದೇ ಆದವು. ಯೂನಿಕೋಡಿನಲ್ಲಿ ಮಾತ್ರ ಇನ್ನೂ ಜಾಗ ಉಳಿಸಿಕೊಂಡಿದೆ, ಪುಣ್ಯ.

ಇಂಗ್ಲಿಷ್ ಕಲಿಸಲು ಕನ್ನಡ ಅಡ್ಡಿ ಅನ್ನುವವರಿಗೆ ನಾನು ಹೇಳೋದು ಇಷ್ಟೇ. ನನಗೆ ಅಡ್ಡಿಯಾದದ್ದು ಕನ್ನಡವಲ್ಲ, ಅರ್ಧ ಮುಚ್ಚಿಟ್ಟ ಕನ್ನಡ. ಮಗು ಮನೆಯಲ್ಲಿ ಆಡುವ ಮಾತನ್ನೇ ಕ್ಲಾಸಿನಲ್ಲೂ ಧೈರ್ಯವಾಗಿ ಹೇಳಿ.

ಅಂದಹಾಗೆ, ಮಾರನೇ ವಾರ ಊರಿಂದ ಕಾಯಿ ಹೋಳಿಗೆ ತಂದುಕೊಟ್ಟು ಆ ಹುಡುಗಿಯ ಕ್ಷಮೆ ಕೇಳಿದೆ. ಮೂಸಿ ನೋಡಿ "ಸ್ಟಿಂಕಿಂಗ್!" ಅಂದಳು. ಇಬ್ಬರೂ ನಕ್ಕೆವು.